ಗುಂಡು ಹೊಡೆಯುವ ಮುಂಚೆ ಊಟ ವಿಚಾರಿಸಿದ ಕ್ಲಾಸು

ಇಂಗ್ಲಿಷ್ ಕಲಿಸುವವನಿಗೆ ನಗುವ ಪ್ರಸಂಗಗಳು ದಿನಕ್ಕೊಂದು ಸಿಗುತ್ತವೆ. ನೀರೇ ಸಿಗದ ವರ್ಷಗಳಲ್ಲೂ ನನಗೆ ಇವುಗಳ ಕೊರತೆಯಾಗಲಿಲ್ಲ.

ಆಗ ಭಾಲ್ಕಿ ಸ್ಟೇಷನ್ ತುಂಬ ಬರಕ್ಕೆ ಊರು ಬಿಟ್ಟು ಗಂಟುಮೂಟೆ ಹೊತ್ತವರೇ. ಹೈದರಾಬಾದಿಗೆ ಹೋದರೆ, ಇಂಗ್ಲಿಷ್ ಬರುವವನಿಗೆ ಕುರ್ಚಿ, ನಮ್ಮವರಿಗೆ ಮಣ್ಣಿನ ಬುಟ್ಟಿ. ಆ ಸಿಟ್ಟಿಗೇ ಸಮಾಜದ ಭವನದಲ್ಲಿ ಪುಕ್ಕಟೆ ಕ್ಲಾಸು ತೆರೆದೆ. ಪುಸ್ತಕ ಕೊಟ್ಟರೆ ಆಕಳಿಸಿದರು. ಮೊಬೈಲಿನ ಗುಂಡು ಹಾರಿಸುವ ಆಟ ಕೊಟ್ಟೆ. ಆಡುವವರು ದೇಶದೇಶದವರು, ಆಡುತ್ತಲೇ ತಂಡದವರ ಜೊತೆ, ಎದುರು ಬಂದ ವೈರಿಯ ಜೊತೆ ಫೋನಿನಲ್ಲೇ ಆಡುವ ಮಾತೆಲ್ಲ ಇಂಗ್ಲಿಷಿನಲ್ಲಿ.

ಭವನದ ಅಧ್ಯಕ್ಷರು ಕೆಂಡವಾದರು. "ತಿಂಗಳದಾಗ ನಿಮ್ಮವರೊಬ್ಬರಾದ್ರೂ ಪರದೇಶದವರ ಜೋಡಿ ಐದು ಮಿನಿಟ್ ಇಂಗ್ಲಿಷ್ ಮಾತಾಡಬೇಕ್ರಿ. ಇಲ್ಲಂದ್ರ ಭವನದ ಕೀಲಿ ವಾಪಸ್ ಕೊಡ್ರಿ."

"ಆಯ್ತ್ರಿ" ಎಂದೆ. ನೀರಿಗಾಗಿ ಸರ್ಕಾರಕ್ಕೆ ಅರ್ಜಿ ಬರೆದು ಬರೆದೇ ಇಂಗ್ಲಿಷ್ ಕಲಿತವನು ನಾನು. ಅಧ್ಯಕ್ಷರಿಗೆ ಹೆದರುತ್ತೇನೆಯೇ?

೧. ಮಂದಿ ಮನಿ

ಆಟದಲ್ಲಿ ಖಾಲಿ ಮನೆಗಳಿಗೆ ನುಗ್ಗಿ ಬಂದೂಕು ಎತ್ತಿಕೊಳ್ಳಬೇಕು. ಗೋಡೆ ಕಟ್ಟುವ ಔರಾದಿನ ಗೌಂಡಿಯೊಬ್ಬರು ಬಾಗಿಲಲ್ಲೇ ನಿಂತು, "ಓನರ್ ಸರ್, ಮೇ ಐ ಕಮ್ ಇನ್?" ಎಂದರು. ಮತ್ತೆ ಕೇಳಿದರು. ಹಿಂದಿನಿಂದ ಯಾರೋ ಹೊಡೆದುಹಾಕಿದ.

"ಸೀದಾ ನುಗ್ಗಬೇಕ್ರಿ! ಅದು ಯುದ್ಧ!" ಎಂದು ರೇಗಿದೆ.

"ಯುದ್ಧ ಇದ್ರೇನಾತ್ರಿ, ಮಂದಿ ಮನಿ ಅಲ್ಲೇನ್ರಿ?"

೨. ಟ್ಯಾಂಕರ್

ಒಂದು ದಿನ ನಮ್ಮ ಕ್ಲಾಸಿನ ಮೂವರ ಜೊತೆ ಫಿಲಿಪೈನ್ಸಿನವನೊಬ್ಬ ತಂಡದಲ್ಲಿದ್ದ. ಆಟ ರಂಗೇರಿದಾಗಲೇ ಹೊರಗೆ ನೀರಿನ ಟ್ಯಾಂಕರಿನ ಹಾರ್ನ್. ಮೂವರೂ ಫೋನ್ ಒಗೆದು ಕೊಡ ಹಿಡಿದು ಓಡಿದರು. ವಾಪಸ್ ಬಂದಾಗ ಅವನೊಬ್ಬನೇ ಬಡಿದಾಡುತ್ತಿದ್ದ. "ವೇರ್ ಯು ಗೋ?" ಎಂದ.

ಮೂವರಲ್ಲೊಬ್ಬಳಾದ ಖಟಕ ಚಿಂಚೋಳಿಯ ಟೇಲರ್ ಅಕ್ಕ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ವಿವರಿಸಿದಳು: ನಲ್ಲಿ ಒಣಗಿದೆ, ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ, ತಡವಾದರೆ ಕೊಡ ಖಾಲಿ.

ಮುಂದಿನ ಸಲ ಫೋನಿನಲ್ಲಿ ಹಾರ್ನ್ ಕೇಳಿದ ಕೂಡಲೇ ಅವನೇ ಚೀರಿದ: "ಗೋ! ಗೋ! ವಾಟರ್!" ನನ್ನ ಹತ್ತು ಅರ್ಜಿ ಓದಿದ ಸಾಹೇಬರಿಗಿಂತ ಅವನಿಗೇ ಬೇಗ ತಿಳಿಯಿತು.

೩. ಪರೀಕ್ಷೆ

ತಿಂಗಳು ಮುಗಿಯಿತು. ಅಧ್ಯಕ್ಷರು ಗಡಿಯಾರ ನೋಡುತ್ತ ಕುಳಿತರು. ನಾನು ಟೇಲರ್ ಅಕ್ಕನನ್ನು ಕೂರಿಸಿದೆ. ಆಟ ಶುರುವಾದದ್ದೇ ಪರದೇಶದ ವೈರಿಯೊಬ್ಬ ಎದುರು ಬಂದು ಬಂದೂಕು ಎತ್ತಿದ. ಕ್ಲಾಸು ಮುಳುಗಿತು ಎಂದುಕೊಂಡೆ.

"ಬ್ರದರ್, ಯುವರ್ ಲಂಚ್ ಫಿನಿಶ್?" ಎಂದಳು ಅಕ್ಕ.

ಬಂದೂಕು ಇಳಿಯಿತು. ಇಲ್ಲವೆಂದ. ಯಾಕೆಂದಳು. ಹೆಂಡತಿ ತವರಿಗೆ ಹೋಗಿದ್ದಾಳೆಂದ. "ಯು ನೋ ಕುಕಿಂಗ್? ಟೂ ಹ್ಯಾಂಡ್ಸ್ ಯು ಹ್ಯಾವ್!" ಎಂದು ಗದರಿ, ಬ್ಯಾಳಿ ಬೇಯಿಸುವುದರಿಂದ ಒಗ್ಗರಣೆಯವರೆಗೆ ಇಂಗ್ಲಿಷಿನಲ್ಲೇ ಹೇಳಿದಳು. ಐದು ಮಿನಿಟು ದಾಟಿತು, ಒಂಬತ್ತಾಯಿತು. ಒಗ್ಗರಣೆಗೆ ಬಳ್ಳೊಳ್ಳಿ ಹಾಕುವ ಹೊತ್ತಿಗೆ ಮೂರನೆಯವನೊಬ್ಬ ಓಡಿ ಬಂದು ಇಬ್ಬರನ್ನೂ ಹೊಡೆದುಹಾಕಿದ.

ಅಧ್ಯಕ್ಷರು ಧಡಕ್ಕನೆ ಎದ್ದು ಫೋನ್ ಕಸಿದುಕೊಂಡು ಹೊಡೆದವನಿಗೆ ಒದರಿದರು. "ಯು! ಲೇಡೀಸ್ ಟಾಕಿಂಗ್! ನೋ ಶೇಮ್?"

"ಪರೀಕ್ಷಾ ಪಾಸೋ, ನಪಾಸೋ ಹೇಳ್ರಿ" ಎಂದು ಕೀಲಿಯನ್ನು ಅವರ ಮುಂದಿಟ್ಟೆ.

ಅದರತ್ತ ನೋಡಲೂ ಇಲ್ಲ. "ಕೀಲಿ ನೀವೇ ಇಟ್ಕೋರಿ. ಈ ಹೊಡದಾಂವ ನಾಳಿ ಆಟಕ್ಕ ಎಷ್ಟ ಗಂಟೆಕ್ಕ ಬರ್ತಾನ, ಅದಷ್ಟ ಹೇಳ್ರಿ!"