ಮರ ಕಾಣುವ ಅಡುಗೆಮನೆ

"ಗೆರೆ ಎಳೆಯೋ ಮುಂಚೆ ಅಕ್ಕಪಕ್ಕದವರನ್ನ ಒಂದು ಮಾತು ಕೇಳಿಬಿಡೋಣ ಸಾರ್" ಎಂದು ಆರ್ಕಿಟೆಕ್ಟ್ ಅಂದದ್ದೇ ಎಡವಟ್ಟಾಯಿತು. ಮನೆ ಬೀದಿಗೆ ಹೊಂದಿಕೊಂಡಿರಬೇಕು, ಬೀದಿಯ ಮೇಲೆ ಎಗರಿ ಬೀಳಬಾರದು ಎಂಬುದು ಆತನ ಸಿದ್ಧಾಂತ. ಸೈಟು ಕೊಂಡು ಮನೆ ಕಟ್ಟಿಸಲು ಹೊರಟಿದ್ದ ಕನ್ನಡಕದಂಗಡಿಯವರು ಒಪ್ಪಿದರು. ಕೇಳಿದರೆ ನಮ್ಮದೇನು ಗಂಟು ಹೋಗುತ್ತದೆ?

ಹೋಯಿತು. ಮೊದಲು ಹೋದದ್ದು ಮಹಡಿ. ಎಡಗಡೆ ಮನೆಯ ಅಜ್ಜಿ ಬೇಲಿಗೆ ಕೈಯೂರಿ, "ಬೆಳಗಿನ ಬಿಸಿಲಿಗೆ ಮಂಡಿ ಕಾಯಿಸ್ಕೋತೀನಪ್ಪ. ನೀನು ಮಹಡಿ ಎಬ್ಬಿಸಿದ್ರೆ ನಾನು ಹಾಸಿಗೆ ಹಿಡಿದ ಹಾಗೇ" ಎಂದರು. ಹಿಂದಿನ ಮನೆಯ ಹಲ್ಲಿನ ಡಾಕ್ಟರು ಬಂದು, ತಮ್ಮ ಬಚ್ಚಲಿನ ಕಡೆಗೆ ಕಿಟಕಿ ಇಡಕೂಡದು ಎಂದರು. ಹಿಂದಿನ ಕಿಟಕಿಗಳೂ ಹೋದವು. ಎದುರು ಮನೆಯ ರಿಟೈರಾದ ಮೇಷ್ಟ್ರು ಮೂಲೆಯ ಗಡಿಕಲ್ಲಿನ ಮೇಲೆ ಕರ್ಚೀಫು ಹಾಸಿ ಕೂತವರು ಸಂಜೆತನಕ ಏಳಲೇ ಇಲ್ಲ. "ನಿಮ್ಮ ಕಾರು ನನ್ನ ಗೇಟಿನ ಮುಂದೆ ನಿಲ್ಲಬಾರದು. ಮನೇನ ಹಿಂದಕ್ಕೆ ಸರಿಸ್ಕೊಳ್ಳಿ" ಎಂದು ಕೂತಲ್ಲಿಂದಲೇ ಅಪ್ಪಣೆಯಾಯಿತು. ಹಜಾರ ಅರ್ಧವಾಯಿತು.

ಮೇಸ್ತ್ರಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಕಾಲಲ್ಲಿ ಅಳಿಸುವುದು. ಮಧ್ಯಾಹ್ನದ ಹೊತ್ತಿಗೆ ಮನೆ ಮೊದಲ ಸಲ ಒಗೆದ ಹತ್ತಿ ಅಂಗಿಯ ಹಾಗೆ ಕುಗ್ಗಿತ್ತು. ಆರ್ಕಿಟೆಕ್ಟ್ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದ.

"ನೋಡಿ ಸಾರ್, ಬೀದೀನೇ ನಿಮ್ಮ ಮನೆ ಪ್ಲಾನು ಹಾಕ್ತಾ ಇದೆ."

"ವಾಸಕ್ಕೂ ಬೀದೀನೇ ಬರುತ್ತೇನಯ್ಯಾ?"

ಒಂದು ವಿಷಯದಲ್ಲಿ ಮಾತ್ರ ಕನ್ನಡಕದಂಗಡಿಯವರು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಪಕ್ಕದವರ ಗೋಡೆ ನೋಡಿಕೊಂಡೇ ಹೆಂಡತಿಯ ಅರ್ಧ ಆಯಸ್ಸು ಸವೆದಿತ್ತು. ಸೈಟು ನೋಡಲು ಒಮ್ಮೆ ಬಂದಾಗ ಅವಳು ಕೇಳಿದ್ದು ಇಷ್ಟೇ: ಒಲೆ ಮುಂದೆ ನಿಂತರೆ ಆ ದೊಡ್ಡ ಮರ ಕಾಣಬೇಕು. ಮರವೋ, ಪಕ್ಕದ ಖಾಲಿ ಸೈಟಿನ ಕಳೆಯ ನಟ್ಟನಡುವೆ ನಿಂತಿತ್ತು.

"ನೀವು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದೀನಿ. ನನ್ನದೂ ಒಂದು ಮಾತು ನಡೆಸಿಕೊಡಿ" ಎಂದರು ಕನ್ನಡಕದಂಗಡಿಯವರು. "ನಾಳೆ ಆ ಸೈಟಿನವನು ಬಂದು ಮರ ಕಡೀತೀನಿ ಅಂದ್ರೆ ನೀವೆಲ್ಲ ಅಡ್ಡ ನಿಲ್ಲಬೇಕು. ಅವನು ಕಾಲಿಗೆ ಬಿದ್ರೂ ಬಿಡಬಾರದು."

"ಯಾವನವನು ಕಡಿಯೋನು? ಕೊಡಲಿ ಕಿತ್ಕೊಂಡು ಕಳಿಸ್ತೀನಿ" ಎಂದರು ಅಜ್ಜಿ. ಡಾಕ್ಟರೂ ಮೇಷ್ಟ್ರೂ ಮಾತು ಕೊಟ್ಟರು.

ಸಂಜೆ ಹೆಂಡತಿ ಬಂದಳು. ಅಡುಗೆಮನೆಯ ಗೆರೆಗಳೊಳಗೆ ನಿಂತು ಮರ ನೋಡಿದಳು. ಅವಳ ಮುಖ ಅರಳಿದ್ದು ಕಂಡು ಗಂಡನಿಗೆ ದಿನದ ಸುಸ್ತೆಲ್ಲ ಇಳಿಯಿತು. ಅಷ್ಟರಲ್ಲಿ ಮೇಷ್ಟ್ರು ಕಲ್ಲಿನಿಂದ ಎದ್ದು ಕರ್ಚೀಫು ಕೊಡವಿದರು.

"ರೀ, ಈ ಕಲ್ಲಿನ ಮೇಲೆ ಹದಿನೆಂಟು ಅಂತಿದೆ. ನಮ್ಮ ಸೈಟು ಹದಿನೇಳಲ್ವಾ?" ಎಂದಳು ಹೆಂಡತಿ.

ಕನ್ನಡಕದಂಗಡಿಯವರು ಕನ್ನಡಕ ಒರೆಸಿಕೊಂಡು ನೋಡಿದರು. ಹದಿನೆಂಟೇ. ಓಡಿಹೋಗಿ ಪಕ್ಕದ ಸೈಟಿನ ಕಳೆ ಸರಿಸಿದರು. ಅಲ್ಲಿದ್ದ ಕಲ್ಲಿನ ಮೇಲೆ ಹದಿನೇಳು ಎಂದಿತ್ತು.

"ನಕ್ಷೆ ಉಲ್ಟಾ ಹಿಡ್ಕೊಂಡಿದ್ದೆ ಸಾರ್" ಎಂದ ಆರ್ಕಿಟೆಕ್ಟ್.

ಕನ್ನಡಕದಂಗಡಿಯವರು ಸಿಟ್ಟನ್ನು ಹೇಗೋ ನುಂಗಿಕೊಂಡರು. "ಹೋಗ್ಲಿ, ಗೆರೆ ತಾನೆ. ಇಲ್ಲಿ ಎಳೆಯೋಣ. ಈ ಮರ ಒಂದು ತೆಗೆಸಿಬಿಟ್ರೆ..."

ಮಾತು ಮುಗಿಯುವುದರೊಳಗೆ ಮೂವರೂ ಮರಕ್ಕೆ ಅಡ್ಡ ನಿಂತಿದ್ದರು. ಮಂಡಿನೋವಿನ ಅಜ್ಜಿಯೇ ಎಲ್ಲರಿಗಿಂತ ಮುಂದೆ. "ಕಾಲಿಗೆ ಬಿದ್ರೂ ಬಿಡಬೇಡಿ ಅಂತ ನೀನೇ ಹೇಳಿದ್ಯಲ್ಲಪ್ಪ."

ಆರ್ಕಿಟೆಕ್ಟ್ ಆಗಲೇ ಮರದ ಸುತ್ತ ಖುಷಿಯಿಂದ ಸುಣ್ಣದ ಪುಡಿ ಸುರಿಯುತ್ತಿದ್ದ. ಹೆಂಡತಿ ಅಡುಗೆಮನೆಯ ಆ ಹೊಸ ಗೆರೆಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಕಿಟಕಿಯಿಂದ ಮರ ಕಾಣಬೇಕು ಅಂದಿದ್ದೆ ಅಷ್ಟೇ ಕಣ್ರೀ. ಒಲೆ ಇಡೋ ಜಾಗದಲ್ಲೇ ನಿಲ್ಲಿಸಿಬಿಟ್ರಲ್ಲ."