ನನ್ನ ಡೈನೋಸಾರ್ ಪುಸ್ತಕದ ಮುನ್ನುಡಿ

ಸತ್ತವರಿಂದ ಯಾವ ತಂಟೆಯೂ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸತ್ತು ಕೋಟ್ಯಂತರ ವರ್ಷವಾದ ಪ್ರಾಣಿಗಳು ನನ್ನನ್ನು ಐದು ವರ್ಷ ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ನಾನು ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹುಡುಗರಿಗೆ ಕಪ್ಪೆ ಕೊಯ್ಯುವುದನ್ನು ಕಲಿಸಿಕೊಂಡು ತೆಪ್ಪಗಿರಬಹುದಿತ್ತು. ಆದರೆ ಮೈಸೂರಿನ ಪ್ರಕಾಶಕರೊಬ್ಬರು, "ಡೈನೋಸಾರ್‌ಗಳ ಮೇಲೆ ಕನ್ನಡದಲ್ಲಿ ಚಿಕ್ಕದೊಂದು ಪುಸ್ತಕ ಬರೆದುಕೊಡಿ" ಎಂದು ಕೇಳಿದಾಗ, ಆರೇ ತಿಂಗಳು ಸಾಕು ಎಂದು ಜಂಬದಿಂದ ಒಪ್ಪಿಕೊಂಡುಬಿಟ್ಟೆ.

ಪುಸ್ತಕ ಆರು ತಿಂಗಳಿಗೇ ಮುಗಿದಿತ್ತು. ಮುಗಿಯದೆ ಇದ್ದದ್ದು ಡೈನೋಸಾರ್‌ಗಳು. ನಮ್ಮ ಕಾಲೇಜಿನ ಲೈಬ್ರರಿಗೆ ವಿಲಾಯಿತಿಯ ಪತ್ರಿಕೆಗಳು ಹಡಗಿನಲ್ಲಿ ತೂಕಡಿಸುತ್ತಾ ಬರುತ್ತಿದ್ದವು. ಬಿಚ್ಚಿ ನೋಡಿದರೆ, ಎಲ್ಲೋ ಒಬ್ಬ ಪುಣ್ಯಾತ್ಮ ಒಂದು ದವಡೆ, ಎರಡು ಹಲ್ಲು ಅಗೆದು ತೆಗೆದು ಹೊಸ ಹೆಸರಿಟ್ಟಿರುತ್ತಿದ್ದ. ಅದನ್ನು ಸೇರಿಸಿ ಇಡೀ ಅಧ್ಯಾಯ ತಿದ್ದಿ ಬರೆಯುತ್ತಿದ್ದೆ. ಇನ್ನೊಂದು ಸಂಚಿಕೆಯಲ್ಲಿ ಮತ್ತೊಬ್ಬ, ಈ ಹೊಸ ಹೆಸರೂ ಹಳೆಯದೊಂದು ಹೆಸರೂ ಒಂದೇ ಪ್ರಾಣಿಯದು ಎನ್ನುತ್ತಿದ್ದ. ಬರೆದದ್ದನ್ನು ಹೊಡೆದು ಹಾಕುತ್ತಿದ್ದೆ. ತರಗತಿಯಲ್ಲಿ ಪಾಠ ಹೇಳುವಾಗಲೂ, ಈ ಗಳಿಗೆಯಲ್ಲಿ ಯಾವನು ಎಲ್ಲಿ ಏನನ್ನು ಅಗೆಯುತ್ತಿದ್ದಾನೋ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನನ್ನ ಹೆಂಡತಿ ಚೌಡಮ್ಮ ಇಲ್ಲಿಯ ನೇಕಾರರ ಮನೆ ಮಗಳು. ತಲೆತಲಾಂತರದಿಂದ ಮನೆಮಾತು ಕನ್ನಡವೇ, ಓದುಬರಹ ಮಾತ್ರ ತಮಿಳು. ಕನ್ನಡ ಅಕ್ಷರವೆಂದರೆ ಆಕೆಗೆ ಕೋಲಂ ರಂಗೋಲಿ ಇಟ್ಟ ಹಾಗೆ ಕಾಣುತ್ತದಂತೆ. ನಾವು 'ರೀ' ಎನ್ನುವ ಕಡೆ ಆಕೆ 'ಉಂಗ' ಎನ್ನುತ್ತಾಳೆ. ನನ್ನ ಸಂಕಟ ಕೇಳಿ ಒಂದು ದಿನ ಹೇಳಿದಳು: "ಏನುಂಗ, ನೂಲು ಬತ್ತಾನೇ ಇರ್ತದೆ. ಅದಕ್ಕಂತ ನಮ್ಮಪ್ಪ ಸೀರೆ ಕುಯ್ಯದೆ ಮಗ್ಗದಲ್ಲೇ ಬಿಡ್ತಾರಾ? ಅಳತೆ ಬಂದ್ರೆ ಕುಯ್ಯೋದು, ಅಷ್ಟೇ." ವಿಜ್ಞಾನಕ್ಕೂ ಸೀರೆಗೂ ಎತ್ತಣ ಸಂಬಂಧ ಎಂದು ನಾನು ನಕ್ಕೆ.

ಅಷ್ಟರಲ್ಲಿ ಮೈಸೂರಿನಿಂದ ಕಾಗದ ಬಂತು. ಹಸ್ತಪ್ರತಿ ಈ ತಿಂಗಳೊಳಗೆ ಕೈ ಸೇರದಿದ್ದರೆ ಬೇರೆಯವರಿಂದ ಬರೆಸುತ್ತಾರಂತೆ! ಐದು ವರ್ಷದ ಬೆವರು ನೀರಲ್ಲಿ ಹೋಮವಾಗುವ ಲಕ್ಷಣ ಕಂಡಿತು. ಇನ್ನೊಂದು ವರ್ಷ ಗಡುವು ಬೇಡಿ, ದುಂಡಗಿನ ಅಕ್ಷರದಲ್ಲಿ ಒಂದು ಉತ್ತರ ಬರೆದು ಮೇಜಿನ ಮೇಲೆ ಹಸ್ತಪ್ರತಿಯ ಪಕ್ಕದಲ್ಲಿಟ್ಟೆ. ಅದೇ ದಿನ ಲೈಬ್ರರಿಗೆ ಹೊಸ ಸಂಚಿಕೆ ಬಂದ ಸುದ್ದಿ ಸಿಕ್ಕಿತು. ಊಟ ಬಿಟ್ಟು ಓಡಿದೆ. ಮಂಗೋಲಿಯದಲ್ಲಿ ಟಾರ್ಬೊಸಾರಸ್ ಎಂಬ ಹೊಸ ರಾಕ್ಷಸ ಸಿಕ್ಕಿತ್ತು. ಅದರ ವಿವರ ಬರೆದುಕೊಂಡು ಮನೆಗೆ ಬಂದು ನೋಡಿದರೆ ಮೇಜು ಬೋಳು.

"ಅಳತೆ ಬಂದಿತ್ತು, ಕುಯ್ದು ಕಳ್ಸಿಬಿಟ್ಟೆ" ಎಂದಳು ಚೌಡಮ್ಮ, ಅಕ್ಕಿ ಆರಿಸುತ್ತಾ. ಪ್ರಕಾಶಕರ ಲಕೋಟೆಯ ಮೇಲಿದ್ದ ಇಂಗ್ಲಿಷ್ ವಿಳಾಸ ನೋಡಿ ಬರೆದು, ಮೇಜಿನ ಮೇಲಿದ್ದ ಕಾಗದವನ್ನೆಲ್ಲ ಕಟ್ಟಿ ರಿಜಿಸ್ಟರ್ ಮಾಡಿಸಿದ್ದಳು. ನಾನು ಅಂಚೆಕಚೇರಿಗೆ ಓಡಿದೆ. "ಚೀಲ ಸ್ಟೇಷನ್‌ಗೆ ಪೋಯಿಡ್ಚು ಸಾರ್" ಎಂದರು ಗುಮಾಸ್ತರು. ಸ್ಟೇಷನ್ನಿಗೆ ಹೋದರೆ ರೈಲೂ ಹೊರಟುಹೋಗಿತ್ತು. ಆ ರಾಕ್ಷಸನನ್ನು ಜೇಬಿನಲ್ಲಿಟ್ಟುಕೊಂಡು ವಾಪಸು ಬಂದು ಒಂದು ವಾರ ಆಕೆಯೊಡನೆ ಮಾತು ಬಿಟ್ಟೆ.

ಮೂರು ತಿಂಗಳಿಗೆ ಪುಸ್ತಕ ಅಚ್ಚಾಗಿ ಬಂತು. ಹೆಮ್ಮೆಯಿಂದ ಮೊದಲ ಪುಟ ತೆರೆದೆ. ಮುಚ್ಚಿ ಮತ್ತೊಮ್ಮೆ ತೆರೆದೆ. ಚೌಡಮ್ಮ ಎಲ್ಲಕ್ಕಿಂತ ಅಂದವಾಗಿ ಕಂಡ ಹಾಳೆಯನ್ನು ಮೇಲಿಟ್ಟು ಕಟ್ಟಿದ್ದಳು. ಅದು ಗಡುವು ಬೇಡಿ ಬರೆದ ನನ್ನ ಕಾಗದ! ಹಸ್ತಪ್ರತಿಯ ಜೊತೆಗೇ ಗಡುವು ಕೇಳಿದ್ದನ್ನು ತಮಾಷೆಯೆಂದು ಬಗೆದ ಪ್ರಕಾಶಕರು ಅದನ್ನೇ ಮುನ್ನುಡಿಯೆಂದು ತಿಳಿದು ಅಚ್ಚು ಹಾಕಿಸಿದ್ದರು. ತಡಕ್ಕೆ ನೆಪ ಸಿಗದೆ ಅದರಲ್ಲಿ ಬರೆದಿದ್ದೆ: "ಇದಕ್ಕೆಲ್ಲ ನನ್ನ ಹೆಂಡತಿಯ ಕಾಟವೇ ಕಾರಣ. ಉಳಿದವೆಲ್ಲ ಅಳಿದರೂ ನನ್ನ ಮನೆಯಲ್ಲೊಂದು ಡೈನೋಸಾರ್ ಜೀವಂತವಾಗಿದೆ. ಅದಕ್ಕೆ ಹೆಸರಿಡುವ ಧೈರ್ಯ ಯಾವ ವಿಜ್ಞಾನಿಗೂ ಬಂದಿಲ್ಲ."

ಓದುಗರ ಕಾಗದಗಳು ಬಂದವು. ಟಾರ್ಬೊಸಾರಸ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಮುನ್ನುಡಿಯನ್ನೇ ಹೊಗಳಿದ್ದರು. ಎರಡನೆಯ ಮುದ್ರಣದಲ್ಲಿ ಅದನ್ನು ತೆಗೆದುಹಾಕಿ ಎಂದು ಬೇಡಿಕೊಂಡರೆ, "ಪುಸ್ತಕ ಹೋಗುತ್ತಿರುವುದೇ ಅದರಿಂದ" ಎಂದು ಪ್ರಕಾಶಕರು ಬರೆದರು.

"ಎಲ್ಲಾರೂ ಹೊಗಳ್ತಾರಂತಲ್ಲ, ನನಗೂ ಓದಿ ಹೇಳುಂಗ" ಎಂದು ಚೌಡಮ್ಮ ಎದುರು ಬಂದು ಕೂತಳು. ನಾನು ಗಂಟಲು ಸರಿಮಾಡಿಕೊಂಡು, "ಈ ಪುಸ್ತಕ ಹೊರಬರಲು ನನ್ನ ಹೆಂಡತಿಯೇ ಕಾರಣ" ಎಂದು ಶುರುಮಾಡಿ, ಬಾಯಿಗೆ ಬಂದ ಹೊಗಳಿಕೆಯನ್ನೆಲ್ಲ ಓದಿದೆ. ಓದುತ್ತಾ ಓದುತ್ತಾ, ನಾನು ಮೊದಲೇ ಬರೆಯಬೇಕಾಗಿದ್ದದ್ದು ಇದನ್ನೇ ಅನ್ನಿಸಿ ನಾಚಿಕೆಯಾಯಿತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಇಷ್ಟು ಚೆಂದ ಬರ್ದಿದ್ದೀರಿ, ನಾನೇ ನನ್ನ ಕಣ್ಣಾರ ಓದಬೇಕು. ಕನ್ನಡ ಅಕ್ಷರ ಹೇಳಿಕೊಡುಂಗ" ಎಂದಳು.

ಪಾಠ ಶುರುವಾಗಿ ಎರಡು ತಿಂಗಳಾಯಿತು. ಹೊಸ ಡೈನೋಸಾರ್‌ಗಳ ಗೊಡವೆ ಈಗ ನನಗಿಲ್ಲ, ಲೈಬ್ರರಿಯ ಕಡೆ ತಲೆಹಾಕುವುದಿಲ್ಲ. ಅಡಿಪಾಯ ಗಟ್ಟಿಯಾಗಲಿ ಎಂದು ಒಂದೊಂದು ಅಕ್ಷರವನ್ನೂ ಒಂದೊಂದು ವಾರ ತಿದ್ದಿಸುತ್ತಿದ್ದೇನೆ. ಆದರೂ ನಿನ್ನೆ ನಾನು ಕಾಲೇಜಿನಿಂದ ಬರುವ ಹೊತ್ತಿಗೆ, ಪಕ್ಕದ ಮನೆಗೆ ಬಂದಿದ್ದ ಬೆಂಗಳೂರಿನ ನೆಂಟರ ಹುಡುಗಿಯನ್ನು ಕೂರಿಸಿಕೊಂಡು ಚೌಡಮ್ಮ ಆಗಲೇ ಒತ್ತಕ್ಷರ ಕಲಿಯುತ್ತಿದ್ದಳು.