ನಮ್ಮ ಓಣಿಯ ಹಡಗು

ನಿನ್ನಿಂದ ಆಗುವುದಿಲ್ಲ ಎಂದು ನನಗೆ ಮೊದಲು ಹೇಳಿದವರು ಒಬ್ಬ ಮಾಸ್ತರರು. ಆಗ ನನಗೆ ಏಳು ವರ್ಷ. ಅವ್ವ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದಿದ್ದಳು. ಮಾಸ್ತರರು ಪಾಟಿಯ ಮೇಲೆ ಒಂದು ಅಕ್ಷರ ಬರೆದು, ತಿದ್ದು ಎಂದು ನನ್ನ ಮುಂದೆ ಇಟ್ಟರು. ಏನು ಮಾಡಬೇಕೆಂದು ತಿಳಿಯದೆ ನಾನು ಅದನ್ನು ನೆಕ್ಕಿದೆ. ಅಕ್ಷರ ಅಳಿಸಿಹೋಯಿತು.

"ಇದಕ್ಕ ಅಕ್ಷರ ಹತ್ತಂಗಿಲ್ಲವ್ವ. ಎಮ್ಮಿ ಕಾಯಾಕ ಹಚ್ಚು," ಎಂದರು ಮಾಸ್ತರರು. ಅವ್ವ ಹಾಗೆಯೇ ಮಾಡಿದಳು.

ಇಂಥವು ನನ್ನ ಬಾಳಿನಲ್ಲಿ ಆಗುತ್ತಲೇ ಬಂದಿವೆ. ಯಾರೋ ಆಗುವುದಿಲ್ಲ ಅನ್ನುತ್ತಾರೆ, ನಾನು ಹಟಕ್ಕೆ ಬೀಳುತ್ತೇನೆ, ನೋಡಿದವರು ನಗುತ್ತಾರೆ. ನಾನು ಮಾತ್ರ ನಗುವುದಿಲ್ಲ. ನನಗೆ ಕೆಲಸ ಇರುತ್ತದೆ.

ಮದುವೆಯಾದ ಮೇಲೆ ಸುರಪುರದ ಕಡೆ ಕಾಲುವೆ ಅಗೆಯುವಲ್ಲಿ ಮಣ್ಣು ಹೊತ್ತೆ. ಸಿಮೆಂಟಿನ ಚೀಲದ ಮೇಲೆ ಇಂಗ್ಲಿಷ್ ಅಕ್ಷರಗಳಿರುತ್ತಿದ್ದವು. ದಿನಕ್ಕೆ ಒಂದು ಅಕ್ಷರ ಯಾವುದೆಂದು ಕೇಳುತ್ತಿದ್ದೆ. ಒಬ್ಬರನ್ನೇ ಕೇಳಿದರೆ ಬೇಸರಪಡುತ್ತಾರೆಂದು ದಿನಕ್ಕೊಬ್ಬರನ್ನು ಕೇಳುತ್ತಿದ್ದೆ. ಆಮೇಲೆ ಶಹಾಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟೆ. ಕಟ್ಟಿನ ಬೆನ್ನಿಗೆ ಹಳೆ ಪೇಪರು ಹಚ್ಚುತ್ತಾರೆ. ಹಚ್ಚುವ ಮೊದಲು, ಬಂದ ಗಿರಾಕಿಗಳನ್ನು ಅಕ್ಷರ ಕೇಳಿ ಕೇಳಿ ಅದನ್ನು ಓದಿದೆ. ಹಾಗೆ ಓದಿ ಓದಿಯೇ ಕನ್ನಡ ಬಂತು. ಊರಿನ ಎಷ್ಟೋ ಮನೆಗಳಲ್ಲಿ ದೇವರ ಫೋಟೋದ ಹಿಂದೆ ಏನು ಸುದ್ದಿ ಇದೆ ಎಂದು ನನಗೊಬ್ಬಳಿಗೇ ಗೊತ್ತು.

ಅದೇ ಮಾಸ್ತರರು ಪೆನ್ಶನ್ ಆದ ಮೇಲೆ ನಮ್ಮ ಓಣಿಯಲ್ಲೇ ಮನೆ ಕಟ್ಟಿಸಿದರು. ನನ್ನ ಅಂಗಡಿಯಿಂದ ಅವರ ಹೊಸ್ತಿಲಿಗೆ ಹನ್ನೆರಡು ಹೆಜ್ಜೆ. ಅವರು ನನ್ನನ್ನು ಗುರುತಿಸಲಿಲ್ಲ. ನಾನು ಗುರುತಿಸಿದೆ. ಹೇಳಲಿಲ್ಲ.

ಡಬ್ಬಿ

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಕಾಲುವೆ ಕೆಲಸದ ಕ್ಯಾಂಪಿನ ಒಬ್ಬ ಇಂಜಿನಿಯರಿಗೆ ವರ್ಗವಾಯಿತು. ಯಾದಗಿರಿಗೆ ರೈಲು ಹಿಡಿಯಲು ಹೊರಟವರು, ಕಟ್ಟು ಹಾಕಿಸಿದ್ದ ಮೂರು ಫೋಟೋ ಒಯ್ಯಲು ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. ಜೀಪಿನಲ್ಲಿ ಒಂದು ಉದ್ದನೆಯ ರಟ್ಟಿನ ಡಬ್ಬಿ. ಮುಚ್ಚಳದ ಮೇಲೆ ಹಾಯಿ ಬಿಚ್ಚಿದ ಹಡಗಿನ ಚಿತ್ರ.

"ಇದೇನ್ರಿ ಸಾಹೇಬ್ರ?"

"ಮರದ ಹಡಗು ಕಣಮ್ಮ. ಎಲ್ಲಾ ಬಿಡಿ ಬಿಡಿ ಇರುತ್ತೆ. ಪುಸ್ತಕ ನೋಡ್ಕೊಂಡು ನಾವೇ ಜೋಡಿಸಬೇಕು. ಮುಂಬೈನಲ್ಲಿ ತಗೊಂಡಿದ್ದೆ."

"ಜೋಡಿಸಿಲ್ಲಲ್ರಿ?"

ಅವರು ಆ ಕಡೆ ಈ ಕಡೆ ನೋಡಿದರು. "ಟೈಮೇ ಆಗಲಿಲ್ಲ."

"ಫೋಟೋದ ಕೂಲಿ ಬ್ಯಾಡ್ರಿ. ಇದನ್ನ ಕೊಡ್ರಿ."

"ಇದು ನಿಮ್ಮಿಂದ ಆಗಲ್ಲ ಬಿಡಿ. ನಾನು ಇಂಜಿನಿಯರು, ನನ್ನಿಂದಲೇ ಆಗಲಿಲ್ಲ."

"ನೀರು ತರೋದು ನಿಮ್ಮ ಕೆಲಸ ಇತ್ರಿ, ತಂದ್ರಿ. ಹಡಗಿನ ಕೆಲಸ ನನಗ ಬಿಡ್ರಿ," ಎಂದೆ.

ಜೀಪಿನ ಡ್ರೈವರ್ ನಕ್ಕ. ಸಾಹೇಬರು ಡಬ್ಬಿ ಇಳಿಸಿದರು.

ಮುಚ್ಚಳ

ಡಬ್ಬಿ ಮನೆಗೆ ಬಂದು ಮೂರು ದಿನವೂ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಹೋದರೆ ನಮ್ಮ ಅತ್ತೆ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಕೈಯಲ್ಲಿ ಸುಟ್ಟ ರಟ್ಟಿನ ಒಂದು ಮೂಲೆ ಇತ್ತು. ಹಸಿ ಕಟ್ಟಿಗೆ ಹತ್ತಲಿಲ್ಲವೆಂದು ಡಬ್ಬಿಯ ಮುಚ್ಚಳದಿಂದ ಗಾಳಿ ಹಾಕಿದ್ದರು. ಕಿಡಿ ಹಾರಿ ಮುಚ್ಚಳಕ್ಕೇ ಹತ್ತಿತ್ತು.

"ಅತ್ತಿ, ಅದರ ಮ್ಯಾಲ ಹಡಗಿನ ಚಿತ್ರ ಇತ್ತು," ಎಂದೆ.

"ಹೌದವ್ವ, ಅದಕ್ಕಽ ಛಲೋ ಗಾಳಿ ಬರ್ತಿತ್ತು," ಎಂದರು ಅತ್ತೆ.

ಅವರು ತಮಾಷೆ ಮಾಡಿರಲಿಲ್ಲ. ಹಾಯಿ ಕಟ್ಟಿದ ಹಡಗು ಹೇಗಿರುತ್ತದೆ ಎಂಬ ಚಿತ್ರ ಇದ್ದದ್ದು ಆ ಮುಚ್ಚಳದ ಮೇಲೆ ಮಾತ್ರ. ಒಳಗಿನ ಪುಸ್ತಕದಲ್ಲಿ ಬಿಡಿ ತುಂಡುಗಳ ಚಿತ್ರ, ಅಂಕಿ, ಉಳಿದದ್ದೆಲ್ಲ ಇಂಗ್ಲಿಷ್ ಬರಹ. ಇನ್ನು ನೋಡಿ ಮಾಡುವಂತಿರಲಿಲ್ಲ, ಓದಿಯೇ ಮಾಡಬೇಕು.

ಹೊಸ್ತಿಲು

ಆ ವಾರವೇ ಮಾಸ್ತರರು ತಮ್ಮ ಸನ್ಮಾನದ ಫೋಟೋ ಹಿಡಿದು ಅಂಗಡಿಗೆ ಬಂದರು. ನಾನು ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ನಿಘಂಟು ಹಿಡಿದು ಕೂತಿದ್ದೆ.

"ಏನವ್ವ, ಇಂಗ್ಲಿಷ್ ಪುಸ್ತಕ? ಚಿತ್ರ ನೋಡಾಕತ್ತೀಯೇನು?"

"ಓದಾಕತ್ತೀನ್ರಿ."

ಅವರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಇದು ನಿನಗಾಗಂಗಿಲ್ಲ. ದಿನಾ ಸಂಜಿಮುಂದ ಮನಿಗಿ ಬಾ. ನಾ ಓದಿ ಹೇಳ್ತೀನಿ, ನೀ ಜೋಡಿಸು."

ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಈಗ ಅದು ಗೊತ್ತಾಗುತ್ತದೆ. ಆದರೆ ಆಗ ನನ್ನ ಕಿವಿಗೆ ಬಿದ್ದದ್ದು ಏಳು ವರ್ಷದವಳಿದ್ದಾಗ ಕೇಳಿದ ಮಾತೇ.

"ಒಂದು ಅಕ್ಷರ ಯಾರ ಕಡಿಂದನೂ ಓದಸಂಗಿಲ್ರಿ ಮಾಸ್ತರ. ಹಡಗು ಮುಗಿಯೋ ತನಕ ನಿಮ್ಮ ಹೊಸ್ತಲಾ ತುಳಿಯಂಗಿಲ್ಲ. ಮುಗಿದ ದಿನ ಹೊತ್ಕೊಂಡು ಬರ್ತೀನಿ. ನಿಮ್ಮ ಕಣ್ಣಾರೆ ನೋಡ್ರಿ."

ಮಾಸ್ತರರ ಹೆಂಡತಿ ನನಗೆ ಅಕ್ಕನಂತೆ. ದಿನಕ್ಕೊಮ್ಮೆ ಅವರ ಮನೆಯ ಚಹಾ ಕುಡಿಯುತ್ತಿದ್ದೆ. ಅಂದಿನಿಂದ ಆಕೆ ತನ್ನ ಬಾಗಿಲಲ್ಲಿ ನಿಂತು, ನಾನು ನನ್ನ ಬಾಗಿಲಲ್ಲಿ ನಿಂತು, ಓಣಿಯ ನಡುವೆ ಹೋಗುವ ಎಮ್ಮೆಗಳ ಮೇಲಿಂದ ಮಾತಾಡಿದೆವು. ನಮ್ಮಿಬ್ಬರ ಗುಟ್ಟುಗಳೆಲ್ಲ ಓಣಿಗೆ ಗೊತ್ತಾದವು.

ಕೊಡ

ಹಡಗಿನ ಹೊಟ್ಟೆಗೆ ತೆಳುವಾದ ಕಟ್ಟಿಗೆಯ ಪಟ್ಟಿಗಳು. ಅವನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ದುಂಡಗಿನ ವಸ್ತುವಿಗೆ ಕಟ್ಟಿ ಒಣಗಿಸಬೇಕೆಂದು ಪುಸ್ತಕ ಹೇಳಿತು. ಮನೆಯಲ್ಲಿ ದುಂಡಗಿದ್ದದ್ದು ತಾಮ್ರದ ಕೊಡ. ಅದರ ಸುತ್ತ ಹತ್ತು ಪಟ್ಟಿ ಇಟ್ಟು, ಹಳದಿ ದಾರ ಸುತ್ತಿ ಬಿಗಿದು ಅಂಗಡಿಗೆ ಹೋದೆ.

ಅಷ್ಟರಲ್ಲಿ ನಳಕ್ಕೆ ನೀರು ಬಂತು. ಅತ್ತೆ ಆ ಕೊಡವನ್ನೇ ಹೊತ್ತು ಸಾಲಿನಲ್ಲಿ ನಿಂತರು. ಹೆಂಗಸರು ಸುತ್ತುಗಟ್ಟಿದರು.

"ಇದೇನಬೇ, ಕೊಡಕ್ಕ ಪಟ್ಟಿ ಕಟ್ಟಿ ದಾರ ಸುತ್ತೀರಿ? ಯಾವ ದೇವರ ಹರಕಿ?"

"ನಮ್ಮ ಸೊಸಿದು. ಕೇಳಿದ್ರ ಬೈತಾಳ. ಮುಗಿಯೋ ತನಕ ಬಿಚ್ಚಬಾರದಂತ," ಎಂದರು ಅತ್ತೆ.

ಮುಂದಿನ ಶುಕ್ರವಾರ ನಳದ ಸಾಲಿನಲ್ಲಿ ಪಟ್ಟಿ ಕಟ್ಟಿದ ಇನ್ನೂ ಮೂರು ಕೊಡ ಬಂದಿದ್ದವು. ಆ ಕೊಡ ತಂದವರಲ್ಲಿ ಒಬ್ಬಳ ಮಗಳಿಗೆ ಎರಡೇ ತಿಂಗಳಲ್ಲಿ ಸಂಬಂಧ ಕೂಡಿತು. ಆಕೆ ನನಗೆ ಕುಪ್ಪಸದ ಖಣ ತಂದು ಕೊಟ್ಟಳು. ಹಡಗಿನ ಹಕೀಕತ್ತು ಹೇಳಿದೆ. ಆಕೆ ನಂಬಲಿಲ್ಲ. ಖಣ ಇಟ್ಟುಕೊಂಡೆ.

ಅದೇ ದಿನಗಳಲ್ಲಿ ಮಾಸ್ತರರ ಹೆಂಡತಿ ಬಾಗಿಲಿಂದ ಕೂಗಿ ಹೇಳಿದಳು: "ಆದಷ್ಟು ತಂದು ತೋರ್ಸು ಅಂತ ನಮ್ಮ ಮನಿಯವರು ಅನ್ನಾಕತ್ತಾರ ನೋಡು."

"ಅರ್ಧಾ ನೋಡಿ ನಗಾಕೇನು? ಪೂರಾ ಆದಮ್ಯಾಲ ತರ್ತೀನಿ ಅಂತ ಹೇಳಕ್ಕ," ಎಂದೆ.

ದವಾಖಾನೆಯ ಚೀಟಿ

ಪಟ್ಟಿ ಕೆತ್ತುವಾಗ ಚೂರಿ ಜಾರಿ ನನ್ನ ಎಡಗೈ ಬೆರಳಿನ ತುದಿ ಹೋಯಿತು. ದವಾಖಾನೆಯಲ್ಲಿ ಕಾಂಪೌಂಡರ್ ಪಟ್ಟಿ ಕಟ್ಟುತ್ತ, ಹೇಗಾಯಿತು ಎಂದು ಕೇಳಿದ.

"ಹಡಗು ಕಟ್ಟುವಾಗ."

ಅವನು ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಆಮೇಲೆ ಚೀಟಿ ಬರೆದು ಕೊಟ್ಟ. ನಾನು ಓದಿದೆ.

"ಇಲ್ಲಿ ಈಳಿಗಿ ಅಂತ ಬರದೀರಲ್ರಿ. ಹೊಡದು ಹಾಕ್ರಿ. ಹಡಗು ಅಂತ ಬರೀರಿ."

"ಯವ್ವಾ, ಶಹಾಪುರದಾಗ ಹಡಗಿನಿಂದ ಗಾಯ ಆತು ಅಂತ ಬರದ್ರ ನನ್ನ ನೌಕರಿ ಹೋಗ್ತದ."

"ಈಳಿಗಿ ಅಂತ ಬರದ್ರ ನನ್ನ ಮರ್ಯಾದಿ ಹೋಗ್ತದ."

ಕೊನೆಗೆ ಅವನು ಈಳಿಗೆ ಹೊಡೆದು ಹಾಕಿ "ಮನೆಗೆಲಸ" ಎಂದು ಬರೆದ. ಅಷ್ಟಕ್ಕೆ ಬಿಟ್ಟೆ. ಹಡಗು ಇದ್ದದ್ದು ಮನೆಯಲ್ಲೇ.

ಮುಂದು, ಹಿಂದು

ಡಬ್ಬಿ ಬಂದ ಮೇಲೆ ಎರಡನೆಯ ದಸರೆ ಬರುವ ಹೊತ್ತಿಗೆ ಉಳಿದದ್ದು ಹಾಯಿ ಕಟ್ಟುವ ಕೆಲಸ. ಬಟ್ಟೆಗೆ ಗಂಜಿ ಹಾಕಿ, ಗಾಳಿ ತುಂಬಿದಂತೆ ಉಬ್ಬಿಸಿ ಒಣಗಿಸಿದ್ದೆ. "ಹಾಯಿಗಳು ಮುಂದಕ್ಕೆ ಉಬ್ಬಿರಲಿ" ಎಂದು ಪುಸ್ತಕದಲ್ಲಿತ್ತು. ಪ್ರತಿ ಶಬ್ದ ನಿಘಂಟಿನಲ್ಲಿ ನೋಡಿದೆ. ಸರಿಯಾಗಿಯೇ ಓದಿದ್ದೆ. ಆದರೆ ಮುಂದು ಯಾವುದು?

ಹಡಗಿನ ಎರಡೂ ತುದಿ ಚೂಪಗಿದ್ದವು. ನಾನು ಹುಟ್ಟಿದಾಗಿನಿಂದ ಕಂಡದ್ದು ಕೃಷ್ಣೆಯ ಹರಿಗೋಲು ಮಾತ್ರ. ಅದು ಬುಟ್ಟಿಯಂತೆ ದುಂಡಗೆ, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಈ ಹಡಗಿನ ಒಂದು ತುದಿಯಲ್ಲಿ ತಿರುಗಿಸುವ ಚಕ್ರ, ಅದರ ಕೆಳಗೆ ನೀರಿನಲ್ಲಿ ಆಡುವ ಹಲಗೆ, ಅಂದರೆ ಚುಕ್ಕಾಣಿ, ಇದ್ದವು. ಎತ್ತಿನ ಗಾಡಿ ಹೊಡೆಯುವವನು ಮುಂದೆ ಕೂಡುತ್ತಾನೆ. ಟ್ರ್ಯಾಕ್ಟರಿನವನೂ ದಾರಿ ನೋಡಿಯೇ ಹೊಡೆಯುತ್ತಾನೆ. ಪೇಪರಿನಲ್ಲೂ ಚುಕ್ಕಾಣಿ ಹಿಡಿದವರು ಎಂದು ಮುಂದೆ ನಿಲ್ಲುವವರಿಗೇ ಬರೆಯುತ್ತಾರೆ. ಆದರೂ ಒಂದು ಮಾತು ಕೇಳೋಣವೆಂದು, ದೇವರ ಫೋಟೋಕ್ಕೆ ಕಟ್ಟು ಹಾಕಿಸಲು ಬಂದಿದ್ದ ಬಸ್ಸಿನ ಡ್ರೈವರನಿಗೆ ತೋರಿಸಿದೆ. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಾದ್ದರಿಂದ ನನ್ನ ಹಟಕ್ಕೆ ಭಂಗ ಬರಲಿಲ್ಲ.

"ಸ್ಟೇರಿಂಗ್ ಇದ್ದ ಕಡಿನಽ ಮುಂದ್ರಿ. ಇಪ್ಪತ್ತು ವರ್ಷ ಆತು ಗಾಡಿ ಹೊಡಿಯಾಕತ್ತು. ಸ್ಟೇರಿಂಗ್ ಹಿಂದಿಟ್ರ ಡ್ರೈವರಗ ದಾರಿ ಹ್ಯಾಂಗ ಕಾಣಬೇಕ್ರಿ?" ಎಂದ ಆತ.

ಹಾಯಿಗಳನ್ನು ಚಕ್ರದ ಕಡೆ ಉಬ್ಬಿಸಿ ಕಟ್ಟಿ, ಅಂಟು ಹಚ್ಚಿಬಿಟ್ಟೆ. ಊರಿನವರು ಬಂದು ನೋಡಿದರು. ಸುರಪುರದಿಂದಲೂ ಇಬ್ಬರು ಬಂದರು. ಎಲ್ಲರೂ ಮೆಚ್ಚಿದರು. ಹಾರ್ನ್ ಎಲ್ಲಿ ಎಂದು ಡ್ರೈವರ್ ಒಬ್ಬನೇ ಕೇಳಿದ್ದು.

ಹನ್ನೆರಡು ಹೆಜ್ಜೆ

ಹಡಗಿಗೆ ನಾನೇ ಗಾಜಿನ ಪೆಟ್ಟಿಗೆ ಮಾಡಿದೆ. ಅತ್ತೆ ಕುಂಕುಮ ಹಚ್ಚಿದರು. ಹಸಿರು ಇಳಕಲ್ ಸೀರೆ ಉಟ್ಟು, ಪೆಟ್ಟಿಗೆ ಎತ್ತಿಕೊಂಡು ಓಣಿ ದಾಟಿದೆ. ಎರಡು ವರ್ಷದ ಮೇಲೆ ಆ ಹೊಸ್ತಿಲು ತುಳಿದೆ.

ಮಾಸ್ತರರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು.

"ಮಾಸ್ತರ, ಮುಗೀತ್ರಿ. ನೋಡ್ರಿ," ಎಂದೆ.

ಅವರು ಮುಖ ಎತ್ತಿದರು. ಕಣ್ಣು ಬಾಗಿಲ ಕಡೆ ಹೋದವು, ನನ್ನ ಕಡೆ ಬರಲಿಲ್ಲ. ನಾನು ಬಾಗಿಲಲ್ಲಿ ಇರಲಿಲ್ಲ, ಅವರ ಮುಂದೆಯೇ ನಿಂತಿದ್ದೆ.

ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಣ್ಣಿನ ನರ ಒಣಗ್ಯಾವಂತ. ಪೂರಾ ಹೋಗಿ ಮೂರು ತಿಂಗಳಾತು. ಹೋಗೂಕಿಂತ ಮದಲ ಒಮ್ಮಿ ನೋಡಬೇಕಂತ ಎಷ್ಟು ಹೇಳಿ ಕಳಸಿದ್ರು."

"ಕಣ್ಣು ಹೋಗಾಕತ್ತಾವ ಅಂತ ಯಾಕ ಹೇಳಲಿಲ್ಲಕ್ಕ?"

"ಅವರಽ ಬ್ಯಾಡ ಅಂದ್ರು. ಯಾರಿಗೂ ಗೊತ್ತಾಗಬಾರದಂತ ಹೊರಗ ಬರೋದನ್ನಽ ಬಿಟ್ರು. ಕನಿಕರಪಟ್ಟು ಬರೋದು ಬ್ಯಾಡ, ಮುಗಿಸಿ ಬರಲಿ ಅಂದ್ರು."

ನನಗಿಂತ ಹಟದವರು ಆ ಓಣಿಯಲ್ಲಿ ಒಬ್ಬರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು, ಅವರ ಎರಡೂ ಕೈ ಹಿಡಿದು ಹಡಗಿನ ಮೇಲೆ ಇಟ್ಟೆ. ಅವರ ಬೆರಳು ಪಟ್ಟಿ ಪಟ್ಟಿಯ ಮೇಲೆ ಹೋದವು. ಕಂಬ ಹತ್ತಿದವು, ದಾರ ಎಣಿಸಿದವು. ಚಕ್ರ ತಿರುಗಿಸಿ ನೋಡಿದವು. ಕೆಳಗಿಳಿದು ಚುಕ್ಕಾಣಿ ಮುಟ್ಟಿ, ಮತ್ತೆ ಮೇಲೆ ಹೋಗಿ ಹಾಯಿಯ ಹೊಟ್ಟೆಯ ಮೇಲೆ ನಿಂತವು. ಹಾಯಿಯಿಂದ ಚುಕ್ಕಾಣಿಗೆ, ಚುಕ್ಕಾಣಿಯಿಂದ ಹಾಯಿಗೆ ಎರಡು ಸಲ ಹೋಗಿ ಬಂದವು.

"ಏನವ್ವ, ಈ ಹಡಗು ಹಿಂದಕ್ಕ ಹೊಂಟದಲ್ಲ?"

"ಏನಂತೀರಿ?"

"ಚುಕ್ಕಾಣಿ ಹಡಗಿನ ಹಿಂದ ಇರ್ತದ. ನಾನೂ ಸಮುದ್ರ ಕಂಡಿಲ್ಲ. ಆದ್ರ ಮೂವತ್ತು ವರ್ಷ ಬೋರ್ಡಿನ ಮ್ಯಾಲ ಅದನ್ನ ಬರದೀನಿ."

ಕಣ್ಣಿದ್ದ ಇಡೀ ಊರು ನೋಡಿ ಹೋಗಿತ್ತು. ಯಾರಿಗೂ ಕಂಡಿರಲಿಲ್ಲ. ಬಿಚ್ಚಿದರೆ ಹಾಯಿ ಹರಿಯುತ್ತದೆ. ನಾನು ಕೇಳಿದೆ: "ಮಾರ್ಕ್ಸ್ ಎಷ್ಟು ಕೊಡ್ತೀರಿ ಹೇಳ್ರಿ."

"ಓದಿಗೆ ನೂರಕ್ಕ ನೂರು. ಭೂಗೋಳಕ್ಕ ಸೊನ್ನಿ."

"ಭೂಗೋಳ ಕಲೀಬೇಕಂತಽ ನಿಮ್ಮ ಸಾಲಿಗಿ ಬಂದಿದ್ದೆನ್ರಿ. ಎಮ್ಮಿ ಕಾಯಾಕ ಕಳಿಸಿದ್ರಿ."

ಅವರ ಕೈ ಹಾಯಿಯ ಮೇಲೆ ಹಾಗೆಯೇ ನಿಂತಿತು.

"ಪಾಟಿ ನೆಕ್ಕಿದಾಕಿ ನೀನಽ ಏನು?"

"ಹೌದ್ರಿ."

"ತಪ್ಪು ಮಾಡಿದೆನವ್ವ," ಎಂದರು. ಆಮೇಲೆ ಹೆಂಡತಿಯನ್ನು ಕರೆದರು: "ಏ ಕೇಳಿಲ್ಲಿ, ಚಾ ಇಡು. ಆ ಹಡಗು ಒಂಚೂರು ದೂರ ಇಡು. ಇಕಿ ನೆಕ್ಕಿಗಿಕ್ಕಿ ಬಿಟ್ಟಾಳು."

ಅವತ್ತು ನಾನು ನಕ್ಕೆ. ನಕ್ಕದ್ದು ನಿಲ್ಲಿಸಲಾಗದೆ ಅತ್ತದ್ದೂ ಹೌದು.

ಈಗ ದಿನಾ ಮುಂಜಾನೆ ಓಣಿ ದಾಟಿ ಹೋಗಿ ಅವರಿಗೆ ಪೇಪರು ಓದಿ ಹೇಳುತ್ತೇನೆ. ತಪ್ಪು ಓದಿದರೆ ಕುರ್ಚಿಯ ಕೈಗೆ ಬೆರಳಿನಿಂದ ಬಡಿಯುತ್ತಾರೆ. ಹಡಗು ನನ್ನ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿದೆ. ಬಿಚ್ಚಿ ಕಟ್ಟಿಲ್ಲ, ಹಿಂದಕ್ಕೇ ಹೋಗುತ್ತಿದೆ. ಕೇಳಿದವರಿಗೆ ಮಾರುವುದಿಲ್ಲ ಅನ್ನುತ್ತೇನೆ. ಅದಕ್ಕೆ ನಾನು ಕೊಟ್ಟದ್ದು ಒಂದು ಬೆರಳಿನ ತುದಿ, ಮತ್ತು ಅವರ ಕಣ್ಣಿದ್ದಾಗ ನಾನು ನಡೆಯದೇ ಬಿಟ್ಟ ಹನ್ನೆರಡು ಹೆಜ್ಜೆ.